ಜತ್ತಪ್ಪಣ್ಣನ ಕಾಣದ ಆಳುಗಳು

ಪೆರಾಬೆಯ ನಮ್ಮ ಬೈಲಿನಲ್ಲಿ ಈಗ ಉಳಿದಿರುವ ಭತ್ತದ ಗದ್ದೆ ಒಂದೇ, ಜತ್ತಪ್ಪಣ್ಣನದು. ಸುತ್ತಲಿನದೆಲ್ಲ ಅಡಿಕೆ ತೋಟವಾಯಿತು. ನನ್ನದೂ ಆಯಿತು, ಹಾಗಾಗಿ ಭತ್ತದ ಮಹತ್ವದ ಬಗ್ಗೆ ಭಾಷಣಕ್ಕೆ ಎಲ್ಲರೂ ನನ್ನನ್ನೇ ಕರೆಯುತ್ತಾರೆ. ಮೊದಲು ಊರಿಗೆಲ್ಲ ಹಂಚಿಹೋಗುತ್ತಿದ್ದ ನವಿಲು, ಹಂದಿಗಳು ಈಗ ಒಟ್ಟಾಗಿ ಜತ್ತಪ್ಪಣ್ಣನಲ್ಲಿಗೇ ಊಟಕ್ಕೆ ಬರುತ್ತವೆ. ಮನುಷ್ಯರು ಮಾತ್ರ ಬರುವುದಿಲ್ಲ. ಒಂದು ಕಾಲದಲ್ಲಿ ಈ ಗದ್ದೆಯ ಮಾತಿಗೆ ಆ ಗದ್ದೆಯಿಂದ ಉತ್ತರ ಬರುತ್ತಿತ್ತು.

ಅವರ ಹೆಂಡತಿ ಸೇವಂತಕ್ಕ ಕಳೆದ ಮಳೆಗಾಲಕ್ಕೆ ಮೊದಲೇ ಹೇಳಿಬಿಟ್ಟಿದ್ದರು: "ಈ ಸಲ ಬೆಳೆ ಬರದಿದ್ರೆ ಗದ್ದೆಗೆ ಅಡಿಕೆ ಸಸಿ. ನನ್ನ ಸೊಂಟ ಇನ್ನು ಬಗ್ಗುದಿಲ್ಲ."

ಅದಕ್ಕೇ ಜತ್ತಪ್ಪಣ್ಣ ಕಡಬದಿಂದ ಬ್ಯಾಕ್ಟೀರಿಯಾದ ಪ್ಯಾಕೆಟ್ ತಂದರು. ನೀರಿನಲ್ಲಿ ಕಲಸಿ, ನೇಜಿಯ, ಅಂದರೆ ಭತ್ತದ ಸಸಿಯ, ಬೇರನ್ನು ಅದ್ದಿ ನೆಟ್ಟರೆ, ಅವು ಬೇರಿಗಂಟಿಕೊಂಡು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತವಂತೆ. ಅವನ್ನು ನಂಬಿ ಯೂರಿಯಾ ತರಲೇ ಇಲ್ಲ. ಮನೆಯಲ್ಲಿದ್ದ ಡ್ರಮ್ಮಿನಲ್ಲಿ ಅದನ್ನು ಕಲಸಿಟ್ಟು, ನೇಜಿಯ ಕಟ್ಟು ಹೊರಲು ನನ್ನನ್ನು ಕರೆದರು. ನಾನು ಆಗಾಗ ಜಾರಿ ಕೆಸರಿನಲ್ಲಿ ಕುಳಿತು ಗದ್ದೆ ಸಮ ಮಾಡಿಕೊಟ್ಟೆ.

"ಡ್ರಮ್ಮಿನಲ್ಲಿ ಎಂತದೂ ಕಾಣುದಿಲ್ಲವಲ್ಲ ಜತ್ತಪ್ಪಣ್ಣ?"

"ಕಾಣುವವರು ಯಾರೂ ಕೆಲಸಕ್ಕೆ ಬರುದಿಲ್ಲ ಮಾರಾಯ. ಅದಕ್ಕೆ ಕಾಣದವರನ್ನು ಕರೆದದ್ದು. ಇವಕ್ಕೆ ಚಾ ಬೇಡ, ಮೊಬೈಲೂ ಇಲ್ಲ."

ಅರ್ಧ ಗದ್ದೆ ನೆಟ್ಟಾಗಿತ್ತು. ನಮಗೆ ಚಾ ತಂದ ಸೇವಂತಕ್ಕ ಡ್ರಮ್ಮಿನ ಒಳಗೋಡೆಗೆ ಬೆರಳು ತಿಕ್ಕಿದರು. ಬೆರಳು ನೀಲಿಯಾಯಿತು.

"ಇದು ಅಡಿಕೆಗೆ ಮದ್ದು ಬಿಡುವ ಡ್ರಮ್ ಅಲ್ವಾ?"

"ತೊಳೆದಿದ್ದೇನೆ."

"ಮೈಲುತುತ್ತು ತೊಳೆದ್ರೆ ಹೋಗ್ತದಾ? ಕೊಳೆರೋಗವನ್ನೇ ಕೊಲ್ಲುವಂಥದ್ದು, ನಿಮ್ಮ ಪ್ಯಾಕೆಟಿನ ನೆಂಟರನ್ನು ಬಿಡ್ತದಾ?"

ನಮ್ಮೂರಲ್ಲಿ ಮೈಲುತುತ್ತು ಕಾಣದ ಡ್ರಮ್ಮೇ ಇಲ್ಲ. ನಮ್ಮ ಬಚ್ಚಲಿನದೂ ಅಂಥದ್ದೇ. ಜತ್ತಪ್ಪಣ್ಣ ಆ ನೀರನ್ನೇ ನೋಡುತ್ತ ನಿಂತರು. ಕಾಣದವರು ಸತ್ತದ್ದೂ ಕಾಣುವುದಿಲ್ಲವಲ್ಲ. ಮರುದಿನ ಕಡಬದಲ್ಲಿ ಉಳಿದಿದ್ದ ಒಂದು ಪ್ಯಾಕೆಟ್ ತಂದು, ಹೊಸ ಬಕೆಟಿನಲ್ಲಿ ಕಲಸಿ ಉಳಿದರ್ಧ ನೆಟ್ಟರು.

ತೆನೆ ಬಿಟ್ಟಾಗ ಗದ್ದೆಯ ನಡುವೆ ಗೆರೆ ಎಳೆದಂತಿತ್ತು. ಬಕೆಟಿನ ಕಡೆ ತೂಗುವ ತೆನೆ. ಡ್ರಮ್ಮಿನ ಕಡೆ ಬಡಕಲು ಗಿಡ, ಬರೀ ಜೊಳ್ಳು.

ಕೊಯ್ಲು ಮುಗಿದ ಮೇಲೆ ಸೇವಂತಕ್ಕ ತೀರ್ಪು ಕೊಟ್ಟರು: "ಬಂದ ಅರ್ಧ ನಿಮಗೆ. ಬಾರದ ಅರ್ಧಕ್ಕೆ ಅಡಿಕೆ."

ನ್ಯಾಯದ ಮಾತು. ಜತ್ತಪ್ಪಣ್ಣನೂ ತಲೆಯಾಡಿಸಿದರು.

ಮೊನ್ನೆ ಹೋದಾಗ ಅಡಿಕೆ ಸಸಿಗಳ ಈಚೆ, ಹೊಸದಾಗಿ ಹಾಕಿದ ಬದುವಿನ ಮೇಲೆ ಒಬ್ಬರೇ ಕುಳಿತಿದ್ದರು.

"ಎಂತ ಜತ್ತಪ್ಪಣ್ಣ, ಇಲ್ಲಿ?"

"ಎಂತ ಇಲ್ಲ ಮಾರಾಯ. ಈ ಸಸಿ ಎತ್ತರ ಆದ್ರೆ ಈಚೆಗೂ ನೆರಳು ಬೀಳ್ತದೆ. ನೆರಳಲ್ಲಿ ಭತ್ತ ಆಗುದಿಲ್ಲ. ಅಷ್ಟರವರೆಗೆ ಮಾಡುದು."

ಏನಾದರೂ ತಮಾಷೆ ಹೇಳೋಣವೆಂದು ಹುಡುಕಿದೆ. ಸಿಗಲಿಲ್ಲ. ಬದುವಿನ ಮೇಲೆ ಅವರ ಪಕ್ಕ ಕುಳಿತೆ.