ಅತ್ತಿ ಓದಿದ ಮೂರನೇ ಭಾಗ

ಒಣದ್ರಾಕ್ಷಿಯ ಪೊಟ್ಟಣ ಬಿಚ್ಚಿದರೆ ಸಿಹಿಯ ಹಿಂದೆ ಸಣ್ಣಗೆ ಗಂಧಕದ ವಾಸನೆ ಬರುತ್ತದೆ. ಬೇರೆಯವರಿಗೆ ತಿಳಿಯಲಿಕ್ಕಿಲ್ಲ. ಕಾಗವಾಡದ ದ್ರಾಕ್ಷಿ ತೋಟದ ಮನೆಯಲ್ಲಿ ಬೆಳೆದ ನನ್ನ ಮೂಗಿಗೆ ತಿಳಿಯುತ್ತದೆ. ತೊಂಬತ್ತರ ದಶಕದ ಆ ಬೇಸಿಗೆಗಳಲ್ಲಿ ಹಣ್ಣು ಒಣಗಿಸಿ, ಬಣ್ಣ ಹೊಂಬಣ್ಣಕ್ಕೆ ತಿರುಗಲೆಂದು ಗಂಧಕದ ಹೊಗೆ ಕೊಡುತ್ತಿದ್ದರು. ಮಧ್ಯಾಹ್ನ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ತೊಟ್ಟು ಮುರಿದು, ಕಾಳು ಆರಿಸುತ್ತಿದ್ದರು. ಅವರ ಬೇಸರ ಕಳೆಯಲು ನನ್ನ ಅತ್ತಿ, ಅಪ್ಪನ ತಂಗಿ ಗಂಗವ್ವ, ಗಟ್ಟಿಯಾಗಿ ಕಾದಂಬರಿ ಓದುತ್ತಿದ್ದಳು. ಗಂಡನ ಮನೆ ಬಿಟ್ಟು ತವರಿಗೆ ಬಂದು ಕೂತಿದ್ದ ಆಕೆಗೆ ಇಡೀ ದಿನದಲ್ಲಿ ಆ ಎರಡು ತಾಸು ಮಾತ್ರ ಯಾರೂ ಏನೂ ಅನ್ನುತ್ತಿರಲಿಲ್ಲ.

ಆ ವರ್ಷದ ಕಾದಂಬರಿ ಮೂರು ದಪ್ಪ ಭಾಗಗಳದ್ದು. ಏಳೆಂಟು ನೂರು ವರ್ಷದ ಹಿಂದಿನ ಅರಸನೊಬ್ಬನ ಕಥೆ. ಅಜ್ಜ ಅದನ್ನು ಮೀರಜಿನಿಂದ ತಂದು, ಮೂರಕ್ಕೂ ವರ್ತಮಾನಪತ್ರದ ಹೊದಿಕೆ ಹಾಕಿ, ಮೊದಲನೇ ಭಾಗದ ಮೂವತ್ತು ಪುಟ ಓದಿ ಮಹಾಗ್ರಂಥವೆಂದು ತೀರ್ಪು ಕೊಟ್ಟ. ನನ್ನ ಕಾಕಾ ಎರಡನೇ ಭಾಗವನ್ನು ನಡುವೆ ತೆರೆದ. ಅಲ್ಲಿ ಅರಸ ಅಳುತ್ತಿದ್ದ. ಅಷ್ಟು ಸಾಕಾಯಿತು. "ರಾಜಾ ಅಂದ್ರ ಅಳ್ತಾನೇನ? ಇದು ನಮಗ ಮಾಡಿದ ಅಪಮಾನ," ಎಂದು ಕಟ್ಟೆಯ ಮೇಲೆ ಕೂಗಾಡಿದ. ದಿನಾ ಸಂಜೆ ಚಹಾಕ್ಕೆ ಬರುತ್ತಿದ್ದ ಮಾಸ್ತರರು ತಾವು ಇಡೀ ಕಾದಂಬರಿ ಮೂರು ಸಲ ಓದಿದ್ದಾಗಿ ಹೇಳಿ ಅಜ್ಜನ ಪಕ್ಷ ಸೇರಿದರು. ಊರಿನ ಅರ್ಧ ಗಂಡಸರು ಆ ಕಡೆ, ಅರ್ಧ ಈ ಕಡೆ. ಒಬ್ಬನೂ ಪುಸ್ತಕ ಕೇಳಿ ಒಯ್ಯಲಿಲ್ಲ. ಮೀಸೆ ಇದ್ದವರಿಗೆ ಅಭಿಪ್ರಾಯ ತನ್ನಿಂತಾನೇ ಹುಟ್ಟುತ್ತದೆಂದು ಆ ಕಟ್ಟೆ ನನಗೆ ಕಲಿಸಿತು.

ಅತ್ತಿ ಎರಡನೇ ಭಾಗ ಮುಗಿಸಿದ ದಿನವೇ ಅಜ್ಜನ ಸಂಗಡ ಜಗಳಾಡಿದ ಸಿಟ್ಟಿನಲ್ಲಿ ಕಾಕಾ ಮೂರನೇ ಭಾಗವನ್ನು ಎತ್ತಿಕೊಂಡು ಹೋಗಿ, ಹಾಳೆ ಹರಿದು, ಗಂಧಕಕ್ಕೆ ಬೆಂಕಿ ಹಚ್ಚಲು ಬಳಸಿದ. ಬೂದಿಯಲ್ಲಿ ಉಳಿದಿದ್ದ ರಟ್ಟಿನ ತುಂಡನ್ನು ಅತ್ತಿ ಹೆಕ್ಕಿ ಸೆರಗಿನಿಂದ ಒರೆಸಿದಳು. "ಅಜ್ಜಗ ಹೇಳೂಣೇನತ್ತಿ?" ಎಂದೆ. "ಹೇಳಿದ್ರ ಅವರಿಬ್ರೂ ಬಡದಾಡ್ತಾರ. ನನ್ನ ಓದೂದು ನಿಲ್ತೈತಿ, ಅಷ್ಟ," ಎಂದಳು. ಮರುದಿನ ಮಧ್ಯಾಹ್ನ ಹೊದಿಕೆ ಹಾಕಿದ ದಪ್ಪ ಪುಸ್ತಕ ಹಿಡಿದು ಶೆಡ್ಡಿಗೆ ಬಂದಳು. ನಾನು ಮಗ್ಗುಲಲ್ಲಿ ಕೂತಿದ್ದೆ. ಅದು ದ್ರಾಕ್ಷಿ ಬೇಸಾಯದ ಕೈಪಿಡಿ. ರೋಗ ಬಿದ್ದ ಎಲೆಗಳ ಚಿತ್ರ ನೋಡುತ್ತಾ ಅತ್ತಿ ಅರಸನ ಕಥೆ ಮುಂದುವರಿಸಿದಳು. ಹನ್ನೆರಡು ದಿನ ಪುಟ ತಿರುವುವುದನ್ನು ಒಮ್ಮೆಯೂ ಮರೆಯಲಿಲ್ಲ.

ಕೊನೆಯ ದಿನ ರಾಣಿ ಕೋಟೆ ಬಿಟ್ಟು ಒಬ್ಬಳೇ ತವರಿಗೆ ನಡೆದು ಬಂದಳು. ಅಂಗಳದಲ್ಲಿ ಯಾರೂ ಯಾಕೆ ಬಂದೆ ಎಂದು ಕೇಳಲಿಲ್ಲ. ಕಾಲಿಗೆ ತಂಬಿಗೆ ನೀರು ಕೊಟ್ಟರು, ತಾಟು ಹಾಕಿ ಬಿಸಿ ರೊಟ್ಟಿ ಬಡಿಸಿದರು. ಕಾಳು ಆರಿಸುವ ಕೈಗಳೆಲ್ಲ ನಿಂತುಹೋದವು. ಗೋಡೆಯಾಚೆ ಕೂತು ಕೇಳುತ್ತಿದ್ದ ಅಜ್ಜ ಧೋತರದ ತುದಿಯಿಂದ ಕಣ್ಣೊರೆಸಿಕೊಂಡ. ಸಂಜೆ ಮಾಸ್ತರರಿಗೆ, "ಎಂಥಾ ಕೊನಿ ಬರದಾನ್ರಿ ಮಾಸ್ತರ," ಎಂದ. ಮಾಸ್ತರರು, "ಮೂರೂ ಸಲ ಅಲ್ಲೇ ಅತ್ತೇನ್ರಿ ನಾನು," ಎಂದರು. ಎಂಥ ಓದುಗ ನೋಡಿ. ಕಾಕಾ ಅವರಿಗಿಂತ ಒಂದು ಕೈ ಮೇಲು. ಆ ಪುಸ್ತಕವನ್ನು ತಾನೇ ಸುಟ್ಟವನು, ರಾಣಿಯನ್ನು ಹೀಗೆ ನಡೆಸಿದ್ದು ತಪ್ಪೆಂದು ತಾಸುಗಟ್ಟಲೆ ವಾದಿಸಿದ. ವಾದ ಮುಗಿದ ಮೇಲೆ ಅಜ್ಜ ಒಳಗೆ ಕೂಗಿದ: "ಗಂಗವ್ವಾ, ಚಹಾ ತಾ. ಉಗಾದಿ ಆತು, ಇನ್ನರ ಗಂಡನ ಮನಿಗೆ ಹೊಕ್ಕಿಯೋ ಇಲ್ಲೋ?" ಅತ್ತಿ ಚಹಾ ತಂದಿಟ್ಟಳು. ಅದೇ ವಾರ ಅವಳನ್ನು ಕಳಿಸಿಬಿಟ್ಟರು.

ಮುಂದೆ ಅಥಣಿಯ ಗ್ರಂಥಾಲಯದಲ್ಲಿ ನಿಜವಾದ ಮೂರನೇ ಭಾಗ ನನಗೆ ಸಿಕ್ಕಿತು. ಕೊನೆಯಲ್ಲಿ ಅರಸ ರಣರಂಗದಲ್ಲಿ ನಿಂತು ಹತ್ತು ಪುಟ ಭಾಷಣ ಮಾಡುತ್ತಾನೆ. ರಾಣಿ ಎಲ್ಲಿ ಹೋದಳೆಂದು ಬರೆದವನಿಗೂ ನೆನಪಿಲ್ಲ. ಕಟ್ಟೆಯ ಪಂಡಿತರಿಗೆ ತಕ್ಕ ಪುಸ್ತಕ. ಈಗ ಆ ಕಟ್ಟೆ ಇಲ್ಲ, ಶೆಡ್ಡೂ ಇಲ್ಲ. ಅವು ಹೋದದ್ದಕ್ಕೆ ನನಗೆ ದುಃಖವಿದೆ, ಕಟ್ಟೆಯ ಮೇಲೆ ಕೂತವರಿಗಾಗಿ ಇಲ್ಲ. ಅತ್ತಿ ತೀರಿದಾಗ ಅವಳ ಗಂಡನ ಮನೆಗೆ ಹೋಗಿದ್ದೆ. ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಹಳದಿಯಾದ ವರ್ತಮಾನಪತ್ರದ ಹೊದಿಕೆಯಲ್ಲಿ ಆ ಕೈಪಿಡಿ ಇತ್ತು. ಕೊನೆಯ ಪುಟದಲ್ಲಿ ಗುರುತಿಗೆಂದು ಇಟ್ಟ ದ್ರಾಕ್ಷಿಯ ಒಣ ತೊಟ್ಟು ಹಾಗೆಯೇ ಇತ್ತು. ಅವಳು ಮತ್ತೆ ಮತ್ತೆ ಅದನ್ನು ತೆರೆದಿರಬೇಕು, ಆ ಪುಟದ ಮೂಲೆ ಸವೆದು ಮೆತ್ತಗಾಗಿತ್ತು.