ಸೀಟಿನ ಹಿಂದಿನ ಸಂದಿಗೊಂದು ಬಂದೂಕು

ಪಿಕಪ್ ಗಾಡಿಯಲ್ಲಿ ಚಾಲಕನ ಸೀಟಿನ ಬೆನ್ನಿಗೂ ಅದರ ಹಿಂದಿನ ತಗಡಿಗೂ ನಡುವೆ ಒಂದು ಸಂದಿ ಇರುತ್ತದೆ. ಗಾಡಿ ತಯಾರಿಸಿದವರು ಅದನ್ನು ಏತಕ್ಕಾಗಿ ಬಿಟ್ಟರೆಂಬುದು ನನಗೆ ಇಂದಿಗೂ ತಿಳಿದಿಲ್ಲ. ಆದರೆ ಅದು ಖಾಲಿ ಇದ್ದುದನ್ನು ನಾನು ಒಮ್ಮೆಯೂ ಕಂಡಿಲ್ಲ. ನಮ್ಮ ಹಳೆಯ ಗಾಡಿಯ ಆ ಸಂದಿಯಲ್ಲಿ ಜ್ಯಾಕು, ಕಡ್ಡಿ ಕಿತ್ತುಬಂದ ಒಂದು ಕೊಡೆ, ಹಗ್ಗದ ಸುರುಳಿ, ಕಳೆದೇ ಹೋಯಿತೆಂದು ನನ್ನ ಹೆಂಡತಿ ಸುಧಾ ಮೂರು ದಿನ ಶೋಕಾಚರಣೆ ನಡೆಸಿದ್ದ ಬುತ್ತಿ ಡಬ್ಬಿಯ ಮುಚ್ಚಳ, ಇವೆಲ್ಲ ಸಹಬಾಳ್ವೆ ನಡೆಸುತ್ತಿದ್ದವು. ಒಂದು ಬೆಳಿಗ್ಗೆ ಪುಣೆಯ ಶಿವಾಜಿನಗರದ ಸಿಗ್ನಲ್ಲಿನಲ್ಲಿ ಕೆಂಪು ದೀಪದ ಮುಂದೆ ನಿಂತಿದ್ದಾಗ ತಿರುಗಿ ಆ ಸಂದಿಯ ಉದ್ದವನ್ನು ಕಣ್ಣಿನಲ್ಲೇ ಅಳೆದೆ. ಅಲ್ಲಿ ಒಂದು ಬಂದೂಕು ಸರಿಯಾಗಿ ಕೂಡುತ್ತದೆ ಎಂದು ಆಗಲೇ ನಿಶ್ಚಯಿಸಿಬಿಟ್ಟೆ.

ಗಾಬರಿಯಾಗಬೇಡಿ, ಓದುಗ ಮಿತ್ರರೇ. ಹಿಂಸೆಯ ಕ್ಷೇತ್ರದಲ್ಲಿ ನನ್ನ ಪೂರ್ವಚರಿತ್ರೆ ತೀರಾ ನಿರಾಶಾದಾಯಕವಾದದ್ದು. ಧಾರವಾಡದ ನಮ್ಮ ಮನೆಯಲ್ಲಿ ಜಿರಲೆಯನ್ನು ಕೂಡ ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟುಬರುವ ಪದ್ಧತಿಯಿತ್ತು. ಕಾಲೇಜಿನ ಎನ್.ಸಿ.ಸಿ.ಯಲ್ಲಿ ಒಮ್ಮೆ ರೈಫಲ್ ಹಿಡಿದು ಐದು ಗುಂಡು ಹಾರಿಸಿದಾಗ ಆ ಐದೂ ಪಕ್ಕದವನ ಗುರಿಹಲಗೆಗೆ ಹೋಗಿ ಬಿದ್ದು, ಅವನಿಗೆ ಬಹುಮಾನ ಬಂದಿತ್ತು. ಆನಂತರ ಪುಣೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರಗಳ ನಕ್ಷೆ ಬರೆದು ನಿವೃತ್ತನಾದೆ. ಎಲ್ಲ ನಿವೃತ್ತರಿಗೂ ಒಂದಲ್ಲ ಒಂದು ಭ್ರಾಂತಿ ಅಮರಿಕೊಳ್ಳುವಂತೆ ನನಗೆ ಕೃಷಿಯ ಭ್ರಾಂತಿ ಅಮರಿಕೊಂಡು, ಇಂದಾಪುರದ ಹತ್ತಿರ ಕಾಲುವೆಯ ಮಗ್ಗುಲಲ್ಲಿ ಮೂರು ಎಕರೆ ಹೊಲದ ಮಾಲೀಕನಾದೆ. ಮಾಲೀಕನೆಂಬುದು ಕಾಗದದ ಮಾತು. ಹೊಲವನ್ನು ನಿಜವಾಗಿ ಬಲ್ಲವಳು ಬಸಮ್ಮ.

ಬಸಮ್ಮ ಮತ್ತು ಅವಳ ಗಂಡ ಶರಣಪ್ಪ ಯಾದಗಿರಿಯ ಕಡೆಯವರು. ನಮ್ಮಲ್ಲಿಗೆ ಬರುವ ಮೊದಲು ಹದಿನಾಲ್ಕು ವರ್ಷ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡಿದವರು. ಒಂದು ಕಟ್ಟಡ ಮೇಲೆದ್ದೊಡನೆ ತಮ್ಮ ತಗಡಿನ ಶೆಡ್ಡನ್ನು ಬಿಚ್ಚಿ ಮುಂದಿನದಕ್ಕೆ ಹೊರಡುವುದೇ ಅವರ ಬದುಕಾಗಿತ್ತು. ನಮ್ಮ ಹೊಲದ ಎರಡು ಕೋಣೆಯ ಮನೆಗೆ ಬಂದ ವಾರದಲ್ಲೇ ಬಸಮ್ಮ ಬಾಗಿಲ ಬಳಿ ಒಂದು ನುಗ್ಗೆಯ ಟೊಂಗೆ ನೆಟ್ಟಳು. ತಾನು ನೆಟ್ಟ ಗಿಡದ ಕಾಯನ್ನು ತಾನೇ ತಿಂದದ್ದು ಜೀವನದಲ್ಲಿ ಅದೇ ಮೊದಲು ಎಂದು ಅವಳು ಸುಧಾಳಿಗೆ ಹೇಳಿದ್ದಳಂತೆ.

ಆ ಬಸಮ್ಮ ಒಂದು ವರ್ಷದ ಹಿಂದೆ, ದಸರೆಯ ಸುಮಾರಿಗೆ, ನನ್ನ ಮುಂದೆ ಒಂದು ಅಹವಾಲು ಇಟ್ಟಳು. "ಸಾಹೇಬ್ರಾ, ಕಾಲಿವಿ ದಂಡಿ ಮ್ಯಾಗಿನ ಜಾಲಿ ಕಂಟಿ ಕಡಸ್ರಿ. ಅದರಾಗ ಹಂದಿ ಮಕ್ಕೊಂತಾವ." ನಾನು ಎಂದಿನಂತೆ, "ನೋಡೋಣು" ಎಂದೆ. ಈ "ನೋಡೋಣು" ನಮ್ಮ ವಂಶಪಾರಂಪರ್ಯದ ಆಸ್ತಿ. ನಮ್ಮ ತಂದೆ ಅದೊಂದೇ ಪದದ ಬಲದಿಂದ ಮನೆಗೆ ಸುಣ್ಣ ಹಚ್ಚಿಸುವುದನ್ನು ಹನ್ನೊಂದು ವರ್ಷ ಮುಂದೂಡಿದ್ದರು. ಕೇಳಿದವರಿಗೆ ಅದು ಒಪ್ಪಿಗೆಯಂತೆ ಕೇಳಿಸುತ್ತದೆ, ಹೇಳಿದವರಿಗೆ ಯಾವ ಬಂಧನವೂ ಇರುವುದಿಲ್ಲ. ನಾನು ನೋಡೋಣು ಎಂದು ಹೇಳಿ ಪುಣೆಗೆ ಬಂದು ಹನ್ನೆರಡು ದಿನವಾಗಿತ್ತು. ಮುಂಜಾನೆ ಮೆಕ್ಕೆಜೋಳದ ಸಾಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಬಸಮ್ಮನ ಮೇಲೆ ಜಾಲಿಯೊಳಗಿಂದ ನುಗ್ಗಿದ ಒಂದು ಗಂಡು ಹಂದಿ ಅವಳ ಮೀನಖಂಡವನ್ನು ಸೀಳಿಹಾಕಿತು.

ಇಂದಾಪುರದ ಆಸ್ಪತ್ರೆಯಲ್ಲಿ ಅವಳ ಕಾಲಿಗೆ ಹಾಕಿದ್ದ ಹೊಲಿಗೆಗಳನ್ನು ನೋಡಿದಾಗ ನನಗಾದ ನಾಚಿಕೆಯನ್ನು ಅಲಂಕಾರವಿಲ್ಲದೆ ಹೇಳುವುದೇ ಮೇಲು: ನನಗೆ ಬಹಳ ನಾಚಿಕೆಯಾಯಿತು. ಅವಳು ನನ್ನನ್ನು ಬೈಯಲಿಲ್ಲ. "ಬರೂ ದಸರೇದ ತನಕ ಇರ್ತೀವ್ರಿ. ಆಗೂ ಹಿಂಗ ಅಂಜಿಕಿ ಇದ್ರ, ಮತ್ತ ಶೆಡ್ಡಿಗೆ ಹೋಗ್ತೀವಿ" ಎಂದಷ್ಟೇ ಹೇಳಿ ಗೋಡೆಯ ಕಡೆಗೆ ಹೊರಳಿದಳು. ಅವಳು ಆ ನುಗ್ಗೆ ಗಿಡ ಬಿಟ್ಟು ಮತ್ತೆ ತಗಡಿನ ಕೆಳಗೆ ಹೋಗಬಾರದು, ಅಂಜದೆ ಆ ಸಾಲುಗಳಲ್ಲಿ ಓಡಾಡಬೇಕು ಎಂದು ಆ ಕ್ಷಣವೇ ಪಣ ತೊಟ್ಟೆ. ನಾಚಿಕೆಪಟ್ಟ ಗಂಡಸು ತೊಡುವ ಪಣ ಯಾವಾಗಲೂ ಕೊಂಚ ದೊಡ್ಡದಾಗಿಯೇ ಇರುತ್ತದೆ. ಜಾಲಿ ಕಡಿಸುವುದು ನನಗೆ ತೀರಾ ಸಣ್ಣ ಪ್ರಾಯಶ್ಚಿತ್ತವಾಗಿ ಕಂಡಿತು. ಸಿಗ್ನಲ್ಲಿನಲ್ಲಿ ಸಂದಿಯನ್ನು ಅಳೆದದ್ದು ಅದರ ಮರುವಾರ.

ನಕ್ಷೆ ಬರೆಯುವವನ ಜಾಯಮಾನಕ್ಕೆ ತಕ್ಕಂತೆ ಮೊದಲು ಲಕ್ಷಣಗಳನ್ನು ಬರೆದುಕೊಂಡೆ. ಬಂದೂಕು ಅಗ್ಗವಾಗಿರಬೇಕು, ಧೂಳು, ಕೆಸರು, ಗೊಬ್ಬರದ ಚೀಲ, ಸೋಲಾಪುರ ರಸ್ತೆಯ ಕುಲುಕಾಟ ಇವಕ್ಕೆಲ್ಲ ಮುಖ ಸಿಂಡರಿಸಬಾರದು, ಗೀರು ಬಿದ್ದರೆ ಅದಕ್ಕೂ ನೋವಾಗಬಾರದು, ನನಗೂ ಆಗಬಾರದು. ಈ ಕಾಗದ ಹಿಡಿದು ಪುಣೆಯ ಕ್ಯಾಂಪಿನಲ್ಲಿರುವ ಒಂದು ಹಳೆಯ ಬಂದೂಕಿನ ಅಂಗಡಿಗೆ ಹೋದೆ. ಗಾಜಿನ ಕಪಾಟುಗಳಲ್ಲಿ ಆಯುಧಗಳು ವರಾನ್ವೇಷಣೆಗೆ ನಿಂತ ಸಾಲಂಕೃತ ಕನ್ಯೆಯರಂತೆ ಹೊಳೆಯುತ್ತಿದ್ದವು. ಮುದಿ ಯಜಮಾನರು ನನ್ನನ್ನು ಆಪಾದಮಸ್ತಕ ನೋಡಿ, "ಸಾಹೇಬ, ಮಾರಾಯ್ಚಂ ಕಾಯ್?" ಎಂದು, ಹೊಡೆಯುವುದಾದರೂ ಏನನ್ನು ಎಂದು ವಿಚಾರಿಸಿದರು. ರಾನಡುಕ್ಕರ್ ಎಂದೆ. ಕಾಡುಹಂದಿಗೆ ಮರಾಠಿಯಲ್ಲಿ ಇಷ್ಟು ಗಂಭೀರವಾದ ಹೆಸರಿರುವುದರಿಂದ ನನ್ನ ಘನತೆ ಸ್ವಲ್ಪ ಉಳಿಯಿತು.

ನನ್ನ ಕಣ್ಣು ಒಂದು ರೈಫಲ್ಲಿನ ಮೇಲಿತ್ತು. ಯಜಮಾನರು ಅದನ್ನು ಕಪಾಟಿನಿಂದ ತೆಗೆಯಲೇ ಇಲ್ಲ. ರೈಫಲ್ಲಿನ ಗುಂಡು ಹಂದಿಯ ಬಳಿ ನಿಲ್ಲುವುದಿಲ್ಲ, ಕಬ್ಬಿನ ಆಚೆ ಯಾರು ನಿಂತಿದ್ದಾರೋ ಅವರನ್ನೂ ವಿಚಾರಿಸಿಕೊಂಡೇ ಮುಂದೆ ಹೋಗುತ್ತದೆ, ನಿಮ್ಮಂಥವರಿಗೆ ಅದು ಬೇಡ ಎಂದು ಮರಾಠಿಯಲ್ಲಿ ತಿಳಿಹೇಳಿದರು. "ನಿಮ್ಮಂಥವರಿಗೆ" ಎಂಬ ಮಾತಿನ ವ್ಯಾಪ್ತಿಯನ್ನು ನಾನು ಕೆದಕಲಿಲ್ಲ. ಕೊನೆಗೆ ಕಪಾಟಿನ ತಳದಿಂದ ಒಂದು ಒಂಟಿ ನಳಿಗೆಯ ಬಂದೂಕನ್ನು ಹೊರತೆಗೆದರು. ಕೆತ್ತನೆಯಿಲ್ಲ, ಹೊಳಪಿಲ್ಲ, ನಡುವಿನ ಕೀಲಿನಲ್ಲಿ ಮಡಚಿ ಒಂದು ತೋಟಾ ತುಂಬಿ ಮತ್ತೆ ಮುಚ್ಚಿದರೆ ಮುಗಿಯಿತು. ನಮ್ಮ ಅಡುಗೆಮನೆಯ ಕಬ್ಬಿಣದ ಹಂಚಿನಷ್ಟೇ ನಿರಾಡಂಬರವಾದ ಆ ವಸ್ತುವನ್ನು ಕೈಯಲ್ಲಿ ಹಿಡಿದೊಡನೆ ಇದೇ ನನ್ನದು ಎನ್ನಿಸಿತು.

ಪರವಾನಗಿಯ ಪರ್ವವನ್ನು ವಿಸ್ತರಿಸಿದರೆ ನಿಮ್ಮ ತಾಳ್ಮೆಗೂ ಒಂದು ಪರವಾನಗಿ ಬೇಕಾದೀತು. ಅರ್ಜಿ, ತರಬೇತಿ, ವಿಚಾರಣೆ, ಹಂದಿಯನ್ನು ಹೊಡೆಯಲು ಅರಣ್ಯ ಇಲಾಖೆಯ ಪ್ರತ್ಯೇಕ ಒಪ್ಪಿಗೆ, ಇವೆಲ್ಲವನ್ನೂ ನಾನು ಹಲ್ಲು ಕಚ್ಚಿ ದಾಟಿದೆ. ಬಂದೂಕನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದ ಅಧಿಕಾರಿಗೆ ನಾನು ಹೆಮ್ಮೆಯಿಂದ ಪಿಕಪ್ಪಿನಲ್ಲಿ ಎಂದಾಗ ಅವರು ಲೇಖನಿ ಕೆಳಗಿಟ್ಟರು. ಗಾಡಿಯಲ್ಲಿ ಒಂಟಿಯಾಗಿ ಬಿಡುವಂತಿಲ್ಲ, ನೀವಿದ್ದಲ್ಲಿ ಅದು, ಮನೆಯಲ್ಲಾದರೆ ಬೀಗದೊಳಗೆ ಎಂದು ಅಪ್ಪಣೆಯಾಯಿತು. ಹೀಗಾಗಿ ಸಂದಿಯಲ್ಲಿ ವೆಲ್ಡರನಿಂದ ಮಾಡಿಸಿದ ಕೊಕ್ಕೆಯಿಂದ ಅದನ್ನು ಬಿಡಿಸಿಕೊಂಡು, ಹಳೆಯ ಕೌದಿಯಿಂದ ಸುಧಾ ಹೊಲಿದುಕೊಟ್ಟ ಚೀಲದಲ್ಲಿ ಹಾಕಿ, ದಾರಿಯ ಹೋಟೆಲ್ಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಹಾ ಕುಡಿಯಬೇಕಾಯಿತು. ಒಬ್ಬ ಮಾಣಿ ಅದನ್ನು ತಂಬೂರಿಯೆಂದು ಭಾವಿಸಿ ಒಂದು ಅಭಂಗ ಹಾಡಬೇಕೆಂದು ನನ್ನನ್ನು ಒತ್ತಾಯಿಸಿದ.

ಎಲ್ಲ ಮುಗಿದು ಬಂದೂಕು ಹೊಲಕ್ಕೆ ಬಂದದ್ದು ಸರಿಯಾಗಿ ಮರುವರ್ಷದ ಖಂಡೇನವಮಿಗೆ, ಅಂದರೆ ಬಸಮ್ಮ ಕೊಟ್ಟ ಗಡುವಿನ ಹಿಂದಿನ ದಿನ. ನಮ್ಮ ಕಡೆ ಅಂದು ಆಯುಧಗಳೆಲ್ಲ ದೇವರು. ಕುಡುಗೋಲು, ಸಲಿಕೆ, ಕೊಡಲಿ, ಸುಧಾಳ ಈಳಿಗೆ ಎಲ್ಲವನ್ನೂ ತೊಳೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟಾಯಿತು. ಪಿಕಪ್ಪಿಗೆ ಎರಡೂ ಕಡೆ ಬಾಳೆಯ ಕಂದು ಕಟ್ಟಾಯಿತು. ತೋಟಾ ತೆಗೆದ ಬಂದೂಕು ಗೋಡೆಗೆ ಒರಗಿ ಬಾಯಿ ಮೇಲೆ ಮಾಡಿ ನಿಂತಿತ್ತು. ಸುಧಾ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ದಾರ ಸುತ್ತಿ, "ಎಲ್ಲಾಕ್ಕೂ ಹೂವು ಏರಿಸೇನಿ, ಇದೊಂದು ಯಾಕ ಬೋಳು ಇರಬೇಕ್ರೀ?" ಎಂದು ನಳಿಗೆಯ ಬಾಯಿಗೆ ಒಂದು ಸಣ್ಣ ಚೆಂಡುಹೂವನ್ನು ಸಿಕ್ಕಿಸಿದಳು. ಅದು ಒಳಗೆ ಇಳಿದು ಕಾಣದಾಯಿತೆಂದು ಅದರ ಮೇಲೆ ಇನ್ನೊಂದು. ಮೂವತ್ತು ವರ್ಷ ಯಂತ್ರಗಳ ನಕ್ಷೆ ಬರೆದ ನಾನು ಪಕ್ಕದಲ್ಲೇ ನಿಂತಿದ್ದೆ. ನಿಂತು ಏನು ಮಾಡಿದೆ ಎನ್ನುತ್ತೀರಿ? ಚಂದ ಕಾಣುತ್ತದೆಂದು ಫೋಟೋ ತೆಗೆದು ಧಾರವಾಡದ ಬಂಧುಬಳಗಕ್ಕೆಲ್ಲ ಕಳಿಸಿದೆ.

ಮರುದಿನ ದಸರೆ. ಸೂರ್ಯ ಆಗತಾನೆ ಮೇಲೆ ಬಂದಿದ್ದ. ಶರಣಪ್ಪ ಬನ್ನಿಯ ಎಲೆ ತರಲು ಊರೊಳಗೆ ಹೋಗಿದ್ದ. ಮೆಕ್ಕೆಜೋಳದ ಕಡೆಯಿಂದ ದಂಟು ಮುರಿಯುವ ಸದ್ದು ಕೇಳಿಸಿತು. ಕಟ್ಟೆಯ ಮೇಲೆ ನಿಂತು ನೋಡಿದರೆ ನಾಲ್ಕೈದು ಹಂದಿಗಳ ಕರಿ ಬೆನ್ನು. ಬಸಮ್ಮ ಬಾಗಿಲಿಗೆ ಬಂದವಳು ಗಾಯದ ಕಾಲನ್ನು ಹಿಂದಕ್ಕೆ ಎಳೆದುಕೊಂಡು ನುಗ್ಗೆ ಗಿಡವನ್ನು ಹಿಡಿದು ನಿಂತಳು. ಅವಳ ಮುಖದ ಅಂಜಿಕೆಯನ್ನು ಕಂಡು ನನ್ನ ಇಡೀ ವರ್ಷದ ಸಂಕಲ್ಪ ಕೈಗೆ ಇಳಿಯಿತು. ಬಂದೂಕನ್ನು ಮಡಚಿ ತೋಟಾ ತುಂಬಿ ಮುಚ್ಚಿದೆ. ಇವತ್ತು ಹೊಡೆದೇ ತೀರುತ್ತೇನೆ ಎಂದು ಮೆಟ್ಟಿಲು ಇಳಿದೆ.

"ನಿಂದರ್ರಿ ಸಾಹೇಬ್ರಾ! ಪೂಜಿ ಇಳಿಸಿಲ್ಲ!" ಎಂದು ಬಸಮ್ಮ ಕೂಗಿದಳು.

ಪೂಜೆಗೆ ಕೂತ ಆಯುಧವನ್ನು ಮರುದಿನ ಶಾಸ್ತ್ರೋಕ್ತವಾಗಿ ಪೂಜೆ ಇಳಿಸುವವರೆಗೆ ಯಾರೂ ಮುಟ್ಟಕೂಡದು. ನನಗೆ ಅದು ಗೊತ್ತಿತ್ತು, ಆದರೆ ಹಂದಿಗೆ ಗೊತ್ತಿರಲಿಲ್ಲವಲ್ಲ! ಮೊದಲು ಹಂದಿ, ಆಮೇಲೆ ಪೂಜೆ ಎಂದು ಗದರಿದೆ. ಬಸಮ್ಮ ಕುಂಟುತ್ತಲೇ ಬಂದು ನನಗೆ ಅಡ್ಡ ನಿಂತಳು. "ನನ್ನ ಸಲುವಾಗಿ ತಂದೀರಿ, ಹೌದಿಲ್ರಿ? ನಾ ಬ್ಯಾಡ ಅಂತೀನಿ. ಇಳಿಸಿ ಹೋಗ್ರಿ." ಹಿಂದಿನ ವರ್ಷ ಕೇಳದೆ ಹೋದ ಅವಳ ಮಾತು ಆಗ ನೆನಪಾಯಿತು. ನಿಂತೆ. ತೋಟಾ ಹೊರತೆಗೆದು ಬಂದೂಕನ್ನು ಕಟ್ಟೆಯ ಮೇಲಿಟ್ಟೆ.

ಅಷ್ಟರಲ್ಲಿ ಸುಧಾ ಪಿಕಪ್ಪಿಗೆ ಹತ್ತಿ ಹಾರ್ನಿನ ಮೇಲೆ ಒತ್ತಿದ ಕೈಯನ್ನು ತೆಗೆಯದೆ, ಬಾಳೆಯ ಕಂದುಗಳ ಸಮೇತ ಗಾಡಿಯನ್ನು ಹೊಲದ ಬದುವಿನವರೆಗೆ ಓಡಿಸಿದ್ದಳು. ಹಂದಿಗಳು ಒಂದರ ಹಿಂದೊಂದು ಜಾಲಿಯೊಳಗೆ ಹೊಕ್ಕವು. ನನ್ನ ಶೌರ್ಯಕ್ಕೆ ಏನೂ ಉಳಿಯದಂತಾಯಿತಲ್ಲ ಎಂಬ ಮುನಿಸಿನಲ್ಲೇ ನಾನು ಬಂದೂಕಿನ ದಾರ ಬಿಚ್ಚತೊಡಗಿದೆ. ಏರಿಸಿದ ಹೂವು ಕಾಲಿಗೆ ಸಿಗಬಾರದೆಂದು ಬಸಮ್ಮ ಒಂದೊಂದನ್ನೇ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಬಂದೂಕಿನ ಬಳಿಗೆ ಬಂದು ಅವಳ ಕೈ ನಿಂತಿತು. "ಅಕ್ಕಾರು ಇದಕ್ಕ ಎರಡು ಏರಿಸಿದ್ರು. ಒಂದು ಇಲ್ಲಿ ಬಿದ್ದದ. ಇನ್ನೊಂದು ಎಲ್ಲದರಿ?"

ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದೆ. ಆ ತುದಿಯ ಆಕಾಶ ಕಾಣಲಿಲ್ಲ.

ಬಾಯಿ ಕಟ್ಟಿದ ನಳಿಗೆಯಲ್ಲಿ ಗುಂಡು ಹಾರಿಸಿದರೆ ಅದು ಹಾರಿಸಿದವನ ಕೈಯಲ್ಲೇ ಒಡೆಯುತ್ತದೆಂದು ತರಬೇತಿಯ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅಷ್ಟರಲ್ಲಿ ಸುಧಾ ತಿರುಗಿಸಿ ತಂದಿದ್ದ ಗಾಡಿಯ ಸಂದಿಯಿಂದ ಕೊಡೆಯ ಕಿತ್ತ ಕಡ್ಡಿಯನ್ನು ತಂದು ನೂಕಿದಾಗ ಅರಿಶಿನ ಮೆತ್ತಿಕೊಂಡಿದ್ದ ಆ ಹೂವು ಹೊರಬಿತ್ತು. ಗಾಡಿಯಿಂದ ಇಳಿದು ಬಂದ ಸುಧಾ ಅದನ್ನು ನೋಡಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಪದ್ಧತಿಯೊಂದು ನನ್ನನ್ನು ಕೊಲ್ಲಲು ಹೂವಿಟ್ಟಿತ್ತು, ಅದೇ ಪದ್ಧತಿ ಆ ಹೂವನ್ನು ಎಣಿಸಿ ಉಳಿಸಿತ್ತು. ಆದರೆ ನಾನು ಉಳಿದದ್ದು ನಿಜವಾಗಿ ಪದ್ಧತಿಯಿಂದಲೂ ಅಲ್ಲ, ಬಸಮ್ಮನ ಮಾತಿಗೆ ಒಮ್ಮೆ ನಿಂತದ್ದರಿಂದ ಎಂದು ನನಗೆ ಸ್ಪಷ್ಟವಾಗಿತ್ತು. ವರ್ಷವಿಡೀ ಅವಳಿಗಾಗಿ ಓಡಾಡಿದವನು ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಶರಣಪ್ಪ ಬನ್ನಿ ತಂದ. ಪರಸ್ಪರ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳಿಕೊಂಡ ಮೇಲೆ, ಪೂಜೆ ಇಳಿದ ಕೊಡಲಿಗಳನ್ನು ಅವನೊಂದು, ನಾನೊಂದು ಹಿಡಿದು ಜಾಲಿಯ ಕಡೆಗೆ ನಡೆದೆವು. ಗಡುವಿನ ದಿನವಾದರೂ, ಇರುತ್ತೀರೋ ಹೋಗುತ್ತೀರೋ ಎಂದು ಬಸಮ್ಮನನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ. ನನ್ನ ಕೊಡಲಿಯ ಪೆಟ್ಟುಗಳು ಜಾಲಿಗಿಂತ ಭೂಮಿಗೇ ಹೆಚ್ಚು ಬಿದ್ದರೂ, ಪಕ್ಕದ ಹೊಲದವರೂ ಕೈಹಾಕಿದ್ದರಿಂದ ಎಂಟು ದಿನಗಳಲ್ಲಿ ಕಾಲುವೆಯ ದಂಡೆ ಬೋಳಾಯಿತು. ಆಸರೆ ತಪ್ಪಿದ ಹಂದಿಗಳು ಎತ್ತಲೋ ಹೋದವು. ನನ್ನ ಬಂದೂಕು ಇಂದಿನವರೆಗೆ ಒಂದು ಗುಂಡನ್ನೂ ಹಾರಿಸದೆ, ಪುಣೆಯ ಮನೆಯ ಕಪಾಟಿನಲ್ಲಿ ಬೀಗದ ಹಿಂದೆ, ಸುಧಾಳ ಇಳಕಲ್ ಸೀರೆಗಳ ನೆರೆಯಲ್ಲಿ ಸುಖವಾಗಿದೆ. ಅಗ್ಗ, ಗಟ್ಟಿ ಎಂಬ ನನ್ನ ಎರಡೂ ಲಕ್ಷಣಗಳು ಅದರಲ್ಲಿವೆಯೆಂದು ಈಗಲೂ ವಾದಿಸಬಲ್ಲೆ.

ಒಂಬತ್ತನೆಯ ದಿನ ಪುಣೆಗೆ ಹೊರಟು ಗಾಡಿ ಹತ್ತಿದಾಗ ಬಸಮ್ಮ ಕಿಟಕಿಯ ಬಳಿ ಬಂದಳು. "ಸಾಹೇಬ್ರಾ, ನಮ್ಮ ಬಾಗಿಲ ಚಿಲಕ ಮುರದದ. ಹೊಸಾದೊಂದು ತರ್ತೀರೇನು?"

ಹೋಗುವವರು ಚಿಲಕ ಕೇಳುವುದಿಲ್ಲ. ಅಭ್ಯಾಸಬಲದಿಂದ ತುಟಿಯವರೆಗೆ ಬಂದಿದ್ದ "ನೋಡೋಣು" ಎಂಬುದನ್ನು ನುಂಗಿಕೊಂಡು, "ಎಷ್ಟು ಉದ್ದದ್ದು ಬೇಕು?" ಎಂದು ಕೇಳಿದೆ. ಅವಳು ಗೇಣು ಮಾಡಿ ತೋರಿಸಿದಳು. ಇವತ್ತು ಶಿವಾಜಿನಗರದ ಸಿಗ್ನಲ್ಲಿನಲ್ಲಿ ಕೆಂಪು ದೀಪದ ಮುಂದೆ ನಿಂತಾಗ ತಿರುಗಿ ಸೀಟಿನ ಹಿಂದಿನ ಸಂದಿಯನ್ನು ನೋಡಿದೆ. ಬಂದೂಕಿನ ಕೊಕ್ಕೆಯಲ್ಲಿ ಕೊಡಲಿ ಕೂತಿತ್ತು. ಅದರ ಕೆಳಗೆ, ಕೊಡೆಗೂ ಜ್ಯಾಕಿಗೂ ನಡುವೆ, ಅಂಗಡಿಯ ಕಾಗದ ಸುತ್ತಿದ ಒಂದು ಗೇಣುದ್ದದ ಚಿಲಕ.