ಬೇಸಿಗೆಯಲ್ಲಿ ನೆಟ್ಟ ಕುಬ್ರಾ ಅವರ ಕೋಸು

2008ರ ಜುಲೈ, ನಸುಕು. ನ್ಯೂಜಿಲೆಂಡಿನಲ್ಲಿ ಋತುಗಳು ನಮಗೆ ತಿರುಗುಮುರುಗು: ಜುಲೈ ಎಂದರೆ ನಡುಚಳಿಗಾಲ, ಫೆಬ್ರವರಿ ಎಂದರೆ ಬೇಸಿಗೆ. ಕ್ರೈಸ್ಟ್‌ಚರ್ಚ್ ಹೊರವಲಯದ ಈರುಳ್ಳಿ ತೋಟದ ಮೂಲೆಯಲ್ಲಿ ಹುಲ್ಲೆಲ್ಲ ಹಿಮ ಹಿಡಿದು ಬೆಳ್ಳಗಾಗಿದೆ. ದುಪಟ್ಟಾದ ಮೇಲೆ ಉಣ್ಣೆ ಟೋಪಿ ಏರಿಸಿಕೊಂಡ ಕುಬ್ರಾ ಬಗ್ಗಿ ಎಲೆಕೋಸು ಕೊಯ್ಯುತ್ತಿದ್ದಾರೆ. ಪ್ರತಿ ಗಡ್ಡೆಯನ್ನೂ ಒಮ್ಮೆ ಒತ್ತಿ ನೋಡುತ್ತಾರೆ. ಗಟ್ಟಿಯಿದ್ದರೆ ಮಾತ್ರ ಚಾಕು. ದಿನಕ್ಕೆ ಅರವತ್ತು ಗಡ್ಡೆ. ಆಮೇಲೆ ಸಂಜೆಯವರೆಗೆ ಶೆಡ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸ.

ಐವತ್ತೆರಡರ ಕುಬ್ರಾ ಬೆಳಗಾವಿ ಕಡೆಯವರು, ಕೋಸಿನ ಸಾಲುಗಳ ನಡುವೆಯೇ ಬೆಳೆದವರು. ಐದು ವರ್ಷದ ಹಿಂದೆ, ಇಲ್ಲಿಗೆ ಬಂದ ಹೊಸತರಲ್ಲಿ, ಅದನ್ನು ಕೇಳಿ ಖುಷಿಯಾದ ತೋಟದ ಮಾಲೀಕ ಈ ಮೂಲೆಯನ್ನು ಅವರ ಉಸ್ತುವಾರಿಗೇ ಬಿಟ್ಟ. ಅವನಿಗೋ ಈರುಳ್ಳಿ ಬಿಟ್ಟರೆ ಬೇರೇನೂ ತಿಳಿಯದು. ಕುಬ್ರಾ ಆ ವರ್ಷದ ಮೇ ತಿಂಗಳಲ್ಲಿ ಆರುನೂರು ಸಸಿ ನೆಟ್ಟರು.

“ನಮ್ಮ ಊರಾಗ ಥಂಡಿ ಬಂತಂದ್ರ ಕೋಬಿ ಹಚ್ಚತಾರ್ರೀ. ಇಲ್ಲೂ ಥಂಡಿ ಬಂತು, ಹಚ್ಚಿಬಿಟ್ಟೆ. ಈ ಥಂಡಿನ ಬ್ಯಾರೆ ಅನ್ನೂದು ನನಗೇನ್ ಗೊತ್ತು?”

ಚಳಿಗಾಲವಿಡೀ ಸಸಿಗಳು ಮುದುರಿಕೊಂಡೇ ಕುಳಿತವು. ಸೆಪ್ಟೆಂಬರಿನ ಬಿಸಿಲು ತಾಗಿದ್ದೇ ತಡ, ಗಡ್ಡೆ ಕಟ್ಟುವುದನ್ನೇ ಮರೆತು ಹಳದಿ ಹೂ ಬಿಟ್ಟು ನಿಂತವು. ನೋಡಲು ಚೆಂದ, ತಿನ್ನಲು ಏನಿಲ್ಲ. ಮಾಲೀಕ ಬೈಯಲಿಲ್ಲ, ಟ್ರ್ಯಾಕ್ಟರ್ ಹೊಡೆಸಿ ಈರುಳ್ಳಿ ಹಾಕಿದ. ಬೈದಿದ್ದರೇ ವಾಸಿಯಿತ್ತು, ಪಾಪ. ಕುಬ್ರಾ ಈರುಳ್ಳಿ ಆರಿಸಲು ಶೆಡ್ಡಿಗೆ ಮರಳಿದರು.

ಆದರೆ ಹಟ ಬಿಡುವ ಜೀವವಲ್ಲ ಅದು. ಬಾಡಿಗೆ ಮನೆಯ ಹಿತ್ತಿಲಲ್ಲಿ ಪ್ರತಿ ತಿಂಗಳ ಮೊದಲ ಶುಕ್ರವಾರ ಹತ್ತು ಸಸಿ ನೆಟ್ಟರು. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಕತ್ತರಿಸಿ, ತಿಂಗಳ ಹೆಸರು ಬರೆದು ಸಾಲಿಗೊಂದು ಚುಚ್ಚಿದರು. ಹೀಗೆ ನಾಲ್ಕು ವರ್ಷ! ಮಗಳು ನಿಶತ್ “ಮಮ್ಮಿ, ಜಸ್ಟ್ ಬೈ ಒನ್!” ಎಂದು ಅಂಗಡಿಯ ಕಡೆ ತೋರಿಸಿ ನಗುತ್ತಿದ್ದಳು. ಜನವರಿಯ ಸಾಲು ಚಳಿಗೆ ಮೊದಲೇ ಬಲಿತು ಬಿರಿಯಿತು, ಮಾರ್ಚಿನದು ಗಡ್ಡೆಯನ್ನೇ ಕಟ್ಟಲಿಲ್ಲ. ಫೆಬ್ರವರಿಯದು ಮಾತ್ರ ಹಿಮದಲ್ಲೂ ಕಲ್ಲಿನಂತೆ ನಿಂತಿತು.

“ಬಿಸಲಾಗ ಹಚ್ಚಬೇಕ್ರೀ. ಥಂಡಿ ಬರೂದ್ರಾಗ ಗಡ್ಡಿ ಕಟ್ಟಿ ಮುಗಿದಿರಬೇಕು. ಆಮ್ಯಾಗ ಅದು ಬೆಳ್ಯಾಂಗಿಲ್ಲ, ಸುಮ್ನ ಕುಂದರತದ.”

ಈ ವರ್ಷ ಧೈರ್ಯ ಮಾಡಿ ಮತ್ತೆ ಮೂಲೆ ಕೇಳಿದರು. ಇದೊಂದು ಸಲ, ಇನ್ನೊಮ್ಮೆ ಕೇಳಬೇಡಿ ಎಂದ ಮಾಲೀಕ. ಫೆಬ್ರವರಿಯ ಸುಡುಗಾಳಿಗೆ ಎಳೆ ಸಸಿಗಳು ಬಾಡಿದಾಗ ಕುಬ್ರಾಗೆ ಜೀವ ಬಾಯಿಗೆ ಬಂದಿತ್ತು. ಕೆಲಸ ಮುಗಿಸಿ ಬಂದು ಕತ್ತಲಾಗುವವರೆಗೆ ನೀರುಣಿಸಿದರು, ಗೋಣಿತಾಟು ಒದ್ದೆ ಮಾಡಿ ನೆರಳು ಕಟ್ಟಿದರು. ಆರುನೂರರಲ್ಲಿ ಐನೂರ ಅರವತ್ತು ಉಳಿದವು.

ಇವತ್ತು ಬೆಳಗಿನ ಹೊತ್ತಿಗೆ ಮಾಲೀಕ ತನ್ನ ಯೂಟ್, ಅಂದರೆ ಹಿಂಬದಿ ತೆರೆದ ಪಿಕಪ್ ಗಾಡಿ, ನಿಲ್ಲಿಸಿ ಸಾಲಿನೊಳಗೆ ಇಳಿಯುತ್ತಾನೆ. ಒಂದು ಗಡ್ಡೆ ಒತ್ತುತ್ತಾನೆ, ಪಕ್ಕದ್ದನ್ನೂ ಒತ್ತುತ್ತಾನೆ. ಕುಬ್ರಾ ಚಾಕು ಹಿಡಿದು ಕಾಯುತ್ತಾರೆ. ಅವನು ಜೇಬಿನಿಂದ ಪೆನ್ಸಿಲ್ ತೆಗೆದು ಏನೋ ಕೇಳುತ್ತಾನೆ, ಅವರ ಉತ್ತರ ಬರೆದುಕೊಂಡು ಹೋಗುತ್ತಾನೆ.

ಯೂಟ್ ಗೇಟು ದಾಟುವವರೆಗೂ ಕುಬ್ರಾ ನೋಡುತ್ತಲೇ ನಿಂತಿರುತ್ತಾರೆ. ಕಣ್ಣಲ್ಲಿ ನೀರಾಡಿದ್ದನ್ನು ಮುಚ್ಚಿಡುವುದಿಲ್ಲ.

“ಬರೂ ವರ್ಷ ಯಾವ ವಾರ ಹಚ್ಚೂದು ಅಂತ ಕೇಳಿದಾ. ಐದು ವರ್ಷ ಆತ್ರೀ, ಈ ತೋಟದಾಗ ನನ್ನ ಯಾರೂ ಏನೂ ಕೇಳಿರಲಿಲ್ಲ.”